ಮೇಷ್ಟ್ರ ಸಿಟ್ಟು, ಮೇಷ್ಟ್ರ ಪುರುಸೊತ್ತು

ಪಿ. ಲಂಕೇಶರ ‘ಟೀಕೆ ಟಿಪ್ಪಣಿ’ಯ ಸುದ್ದಿ ಎತ್ತಿದರೆ ಸಾಕು, ಮೊದಲು ಬರುವುದು ಅವರ ಸಿಟ್ಟಿನ ಮಾತು. ಮುಖ್ಯಮಂತ್ರಿ ಗುಂಡೂರಾಯರನ್ನು ಕೆಳಗಿಳಿಸಿದ ಅಂಕಣ, ಮಂತ್ರಿಗಳು ಹೆದರುತ್ತಲೇ ಬಿಡಿಸುತ್ತಿದ್ದ ಪುಟ, ಸಾಹಿತಿಗಳ ಬೆವರಿಳಿಸಿದ ಬರಹ, ಹೀಗೆ. ಇದರಲ್ಲಿ ಸುಳ್ಳೇನಿಲ್ಲ, ಹೇಳಿ ಹೇಳಿ ಒಗ್ಗರಣೆ ಸ್ವಲ್ಪ ಜಾಸ್ತಿಯಾಗಿದೆ ಅಷ್ಟೆ. ಆದರೆ ಸಂಪುಟಗಳಾಗಿ ಬಂದಿರುವ ಆ ಬರಹಗಳನ್ನು, ಸುದ್ದಿಯ ಕಾವು ಪೂರಾ ಆರಿಹೋಗಿರುವ ಈ ಹೊತ್ತಿನಲ್ಲಿ ಓದುತ್ತಾ ಹೋಗಿ ನೋಡಿ. ಬೈಗುಳದ ಪುಟಗಳನ್ನು ಬೇಗ ಬೇಗ ತಿರುವಿಹಾಕುತ್ತೇವೆ. ಯಾವುದೋ ಹಳೆಯ ಗೆಳೆಯನ ನಡಿಗೆ, ನೋಡಿದ ಸಿನಿಮಾ, ಓದುತ್ತಿರುವ ಕಾದಂಬರಿ, ಊರಿನ ಒಬ್ಬ ಗೌಡನ ಜಂಬ, ಅಲ್ಲಿಂದ ಇದ್ದಕ್ಕಿದ್ದಂತೆ ವಿಧಾನಸೌಧ, ಹೀಗೆ ಗೊತ್ತುಗುರಿಯಿಲ್ಲದವರಂತೆ ಅಲೆಯುವ ಪುಟಗಳಲ್ಲಿ ನಿಂತುಬಿಡುತ್ತೇವೆ. ಲಂಕೇಶರಿಗೆ ಹೆಸರು ತಂದದ್ದು ಸಿಟ್ಟು, ಅವರನ್ನು ಉಳಿಸಿರುವುದು ಪುರುಸೊತ್ತು. ಅಂಕಣಕಾರ ಲಂಕೇಶರ ಬಗ್ಗೆ ನನ್ನ ಮೆಚ್ಚುಗೆ, ತಕರಾರು ಎರಡೂ ಇಷ್ಟರಲ್ಲೇ ಇವೆ.

ಸುಮ್ಮನೆ ಕೂತು ಅದೂ ಇದೂ ಮಾತಾಡುವ ಬರಹ ಕನ್ನಡಕ್ಕೆ ಹೊಸದಲ್ಲ. ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಬಂದದ್ದು 1937ರಲ್ಲಿ. ಎಷ್ಟು ಹದವಾದ ಗದ್ಯ! ಆದರೆ ಆ ಹರಟೆಯ ಮನೆಯಲ್ಲಿ ರಾಜಕೀಯ ಚಪ್ಪಲಿ ಬಿಟ್ಟು ಹೊರಗೇ ನಿಲ್ಲುತ್ತದೆ. ರಾಶಿಯವರು 1942ರಲ್ಲಿ ಶುರುಮಾಡಿದ ‘ಕೊರವಂಜಿ’ಯಲ್ಲಿ ರಾಜಕೀಯ ಒಳಗೆ ಬಂತು, ನಗಿಸುವುದಾದರೆ ಮಾತ್ರ ಬರಬಹುದು ಎಂಬ ಕರಾರಿನ ಮೇಲೆ. ಹಾ.ಮಾ. ನಾಯಕರ ‘ಸಂಪ್ರತಿ’ ಅಂಕಣಬರಹಕ್ಕೆ 1989ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೇ ತಂದುಕೊಟ್ಟಿತು. ಅಲ್ಲಿ ಮಾತಾಡುವವರು ಜವಾಬ್ದಾರಿಯುಳ್ಳ ಪ್ರಾಧ್ಯಾಪಕರು, ಗುಂಡಿ ಬಿಚ್ಚಿ ಕೂರುವವರಲ್ಲ. ವೈಎನ್ಕೆ ‘ವಂಡರ್ ಕಣ್ಣು’ ಬಿಟ್ಟು ನೋಡಿದ್ದನ್ನೆಲ್ಲ ಮಾತಿನ ಆಟ ಮಾಡಿದರು. ಓದುವಾಗ ಖುಷಿ, ಆದರೆ ಯಾವುದೂ ಅವರನ್ನು ಹೆಚ್ಚು ಹೊತ್ತು ಕಾಡಿದಂತೆ ಕಾಣುವುದಿಲ್ಲ. ಪ್ರತಿಯೊಬ್ಬರಿಗೂ ಒಂದೊಂದು ಕೋಣೆ ಇತ್ತು ಅನ್ನೋಣ. ಲಂಕೇಶರು ಗೋಡೆಗಳನ್ನು ಕೆಡವಿದರು.

ಅದಕ್ಕೆ ಅವರ ಬದುಕೂ ಕಾರಣ. 1935ರಲ್ಲಿ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ ಹುಟ್ಟಿದ ರೈತರ ಮಗ, ಬೆಂಗಳೂರಿನಲ್ಲಿ ಇಂಗ್ಲಿಷ್ ಮೇಷ್ಟ್ರು. ‘ಸಂಕ್ರಾಂತಿ’ ಬರೆದ ನಾಟಕಕಾರ, ಬೋದಿಲೇರನ್ನು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದ ಕವಿ. 1970ರ ‘ಸಂಸ್ಕಾರ’ ಚಿತ್ರದಲ್ಲಿ ಅಗ್ರಹಾರದವರ ನಿದ್ದೆಗೆಡಿಸುವ ನಾರಣಪ್ಪ ಇವರೇ. 1976ರ ‘ಪಲ್ಲವಿ’ಗೆ ಶ್ರೇಷ್ಠ ನಿರ್ದೇಶಕರೆಂದು ರಾಷ್ಟ್ರಪ್ರಶಸ್ತಿ. ಆಮೇಲೆ 1980ರಲ್ಲಿ ಜಾಹೀರಾತೇ ಬೇಡವೆಂದು ಹೊರಟ ‘ಲಂಕೇಶ್ ಪತ್ರಿಕೆ’; ‘ಟೀಕೆ ಟಿಪ್ಪಣಿ’ ಬಂದದ್ದು ಇದರಲ್ಲೇ. ಅದೂ ಸಾಲದೆಂದು ಆ ದಶಕದ ಕೊನೆಗೆ ‘ಪ್ರಗತಿ ರಂಗ’ ಕಟ್ಟಿಕೊಂಡು ರಾಜಕೀಯಕ್ಕೇ ಇಳಿದು, ಅಲ್ಲಿ ಸೋತು, ಮತ್ತೆ ಬರೆಯಲು ಕೂತರು. ಇಂಥ ಮನುಷ್ಯ ಸಿನಿಮಾ ಬಗ್ಗೆ ಬರೆದರೆ ಅದು ಟಿಕೆಟ್ಟು ಕೊಂಡು ನೋಡಿ ಬಂದವನ ಮಾತಷ್ಟೇ ಅಲ್ಲ, ಕ್ಯಾಮೆರಾದ ಮುಂದೂ ಹಿಂದೂ ನಿಂತವನ ಮಾತು. ಬಣ್ಣ ಹಚ್ಚಿದವನಿಗೆ ಬಣ್ಣ ಹಚ್ಚಿದವರ ಗುರುತು ಬೇಗ ಸಿಗುತ್ತದೆ. ರಾಜಕಾರಣಿಗಳನ್ನು ಅವರು ನಟರನ್ನು ನೋಡಿದ ಹಾಗೆ ನೋಡಿದ್ದು ಇದೇ ಕಾರಣಕ್ಕೆ ಇರಬೇಕು. ಏನು ಹೇಳಿದ ಎನ್ನುವುದಕ್ಕಿಂತ ಹೇಳುವಾಗ ಕೈ ಎಲ್ಲಿತ್ತು, ನಗು ಎಷ್ಟು ಹೊತ್ತು ನಿಂತಿತು ಎನ್ನುವುದರ ಮೇಲೆ ಅವರ ಕಣ್ಣು.

ಒಂದು ಬರಹವನ್ನು ಹತ್ತಿರದಿಂದ ನೋಡಿದರೆ ಈ ಕೆಲಸ ಹೇಗೆ ಆಗುತ್ತಿತ್ತು ಎಂಬುದು ತಿಳಿಯುತ್ತದೆ. ಪೀಠಿಕೆ ಎನ್ನುವುದು ಇರುವುದಿಲ್ಲ. ಆಗಲೇ ಅರ್ಧ ಮುಗಿದಿರುವ ಮಾತಿನ ನಡುವೆ ನಮ್ಮನ್ನು ಕೂರಿಸುತ್ತಾರೆ. ವಾಕ್ಯಗಳು ಗಿಡ್ಡ. ವ್ಯಕ್ತಿಯೊಬ್ಬನ ಒಂದು ಅಭ್ಯಾಸ, ಒಂದು ಸಣ್ಣತನ ಅಥವಾ ದೊಡ್ಡತನ ಮೊದಲು ಬರುತ್ತದೆ. ಅದರ ಬೆನ್ನಿಗೇ, ನಡುವೆ ಸೇತುವೆಯೇ ಇಲ್ಲದೆ, ಆತನ ಜಾತಿ, ಆ ಜಾತಿಯ ಕನಸು, ಆ ಕನಸಿನ ಸೋಲು. ಮುಂದಿನ ಪ್ಯಾರಾದಲ್ಲಿ ತಾನು ಹೀಗೆ ಹೇಳುತ್ತಿರುವುದು ಸರಿಯೇ ಎಂಬ ಅನುಮಾನ. ಈ ಅನುಮಾನ ಇದ್ದಾಗೆಲ್ಲ ಬರಹ ಗೆಲ್ಲುತ್ತದೆ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಬಗ್ಗೆ, ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸರ ಬಗ್ಗೆ ಬರೆಯುವಾಗ ಲಂಕೇಶರಿಗೆ ಒಂದೇ ಮಾತಿನ ತೀರ್ಪು ಸಾಕಾಗುವುದಿಲ್ಲ. ಅರಸು ಅವರಲ್ಲಿ ಹಿಂದುಳಿದವರಿಗೆ ದನಿ ಕೊಟ್ಟವರೂ ಇದ್ದಾರೆ, ಭ್ರಷ್ಟತೆಯ ಜೊತೆ ರಾಜಿಯಾದವರೂ ಇದ್ದಾರೆ. ಎರಡನ್ನೂ ಒಟ್ಟಿಗೆ ಹಿಡಿದಿಡಲು ಹೋಗಿ ಗದ್ಯ ನಿಧಾನವಾಗುತ್ತದೆ, ಕತೆಗಾರ ಎಚ್ಚರವಾಗುತ್ತಾನೆ. ‘ಕಲ್ಲು ಕರಗುವ ಸಮಯ’ದ ಕತೆಗಳನ್ನು ಬರೆದ ಕೈ ಇದೇ ಎಂದು ಆಗ ನಂಬಿಕೆ ಬರುತ್ತದೆ.

ಅಂಕಣವನ್ನು ಪತ್ರಿಕೆಯಿಂದ ಕಿತ್ತು ಓದುವುದರಲ್ಲಿ ಒಂದು ನಷ್ಟವೂ ಇದೆ. ಆ ಕಪ್ಪು ಬಿಳುಪಿನ ವಾರಪತ್ರಿಕೆ ಸಣ್ಣ ಊರುಗಳ ಸೆಲೂನಿನ ಬೆಂಚಿನ ಮೇಲೆ, ಮಡಿಕೆಯಲ್ಲಿ ಹರಿದು, ಅಂಚಿಗೆ ಎಣ್ಣೆಕೈ ಮೆತ್ತಿಕೊಂಡು ಬಿದ್ದಿರುತ್ತಿತ್ತು. ಕ್ಷೌರಕ್ಕೆ ಕೂತವನೊಬ್ಬ ಗಟ್ಟಿಯಾಗಿ ಓದಿದರೆ ಕಾಯುತ್ತಿದ್ದ ನಾಲ್ವರು ಕೇಳುವರು, ಒಬ್ಬ ಅಲ್ಲೇ ಜಗಳ ತೆಗೆಯುವನು. ಅದೇ ಪತ್ರಿಕೆಯಲ್ಲಿ ಬಿ. ಚಂದ್ರೇಗೌಡರ ‘ಕಟ್ಟೆ ಪುರಾಣ’ದ ಹಳ್ಳಿಗರು ರಾಜ್ಯದ ರಾಜಕಾರಣವನ್ನು ತಮ್ಮ ಮನೆಜಗಳದಷ್ಟೇ ಸಲೀಸಾಗಿ ಬಿಡಿಸಿ ಹಾಕುತ್ತಿದ್ದರು. ಲಂಕೇಶರೇ ಬರೆಯುತ್ತಿದ್ದ ಪುಟ್ಟ ಪದ್ಯಗಳ ‘ನೀಲು’ ಎಂಬ ಹೆಣ್ಣು ಮೂಲೆಯಲ್ಲಿ ನಿಂತು ಯಜಮಾನನ ಮಾತಿಗೇ ನಗುತ್ತಿದ್ದಳು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾದದ್ದು ಇಲ್ಲೇ. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆದ ಬಾನು ಮುಷ್ತಾಕ್ ಒಂದು ಕಾಲಕ್ಕೆ ಇದರ ವರದಿಗಾರ್ತಿ. ಅಂದರೆ ಮೇಷ್ಟ್ರು ಒಬ್ಬರೇ ಮಾತಾಡುತ್ತಿರಲಿಲ್ಲ, ಸುತ್ತ ಬೇರೆ ದನಿಗಳಿದ್ದವು. ಸಂಪುಟದಲ್ಲಿ ಅವರೊಬ್ಬರದೇ ದನಿ. ಹಾಗಾಗಿ ಅದು ಇದ್ದದ್ದಕ್ಕಿಂತ ಜೋರಾಗಿ ಕೇಳಿಸುತ್ತದೆ.

ಈಗ ಸಿಟ್ಟಿನ ವಿಷಯ. 1980ರಿಂದ 83ರವರೆಗಿನ ಗುಂಡೂರಾವ್ ಕಾಲದಲ್ಲಿ ಆ ಸಿಟ್ಟಿಗೆ ಕೆಲಸವಿತ್ತು. ಅಧಿಕಾರದ ದರ್ಪ ಬೀದಿಯಲ್ಲಿ ನಡೆಯುತ್ತಿತ್ತು, ಅದನ್ನು ಹೆಸರು ಹಿಡಿದು ಕರೆಯುವ ಧೈರ್ಯ ದಿನಪತ್ರಿಕೆಗಳಲ್ಲಿ ಕಮ್ಮಿ. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಸೋತು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ ಅದರಲ್ಲಿ ಪತ್ರಿಕೆಯ ಪಾಲೂ ಇದೆ ಎಂದು ಜನ ನಂಬಿದರು. ತೊಂದರೆ ಶುರುವಾದದ್ದು ಅಲ್ಲಿಂದಲೇ ಎಂದು ನನಗನ್ನಿಸುತ್ತದೆ. ಗೆದ್ದ ಸಿಟ್ಟು ಚಟವಾಗುತ್ತದೆ. ವಾರವಾರವೂ ಒಬ್ಬರನ್ನು ಕಟಕಟೆಯಲ್ಲಿ ನಿಲ್ಲಿಸಬೇಕು, ಓದುಗ ಕಾಯುತ್ತಿದ್ದಾನೆ. ಮುಖ್ಯಮಂತ್ರಿಗಳಾದ ಗುಂಡೂರಾವ್, ಬಂಗಾರಪ್ಪನವರಿಗೆ ‘ಗುಂ’, ‘ಬಂ’ ಎಂದು ಹೆಸರು ಕತ್ತರಿಸಿ ಇಟ್ಟದ್ದು ಮೊದಲ ಸಲ ನಗು ತರಿಸಿತು, ಅಧಿಕಾರವನ್ನು ಒಂದು ಮೆಟ್ಟಿಲು ಇಳಿಸಿತು. ಎಷ್ಟನೆಯ ಸಲವೋ ಓದುವಾಗ ಅದು ಯೋಚನೆ ತಪ್ಪಿಸಿಕೊಳ್ಳುವ ಉಪಾಯದ ಹಾಗೆ ಕಾಣುತ್ತದೆ. ಹೆಸರಿನಲ್ಲೇ ತೀರ್ಪು ಇದ್ದ ಮೇಲೆ ವಿಚಾರಣೆ ಯಾಕೆ?

ಜಾತಿಯ ಮಾತೂ ಹಾಗೆಯೇ. ಕನ್ನಡದ ಸಭ್ಯ ಗದ್ಯ ಗೊತ್ತಿದ್ದೂ ನುಂಗಿಕೊಳ್ಳುತ್ತಿದ್ದ ಜಾತಿಯನ್ನು ಲಂಕೇಶರು ಮೇಜಿನ ಮೇಲೆ ಇಟ್ಟರು. ಲಿಂಗಾಯತರಾಗಿ ಲಿಂಗಾಯತರನ್ನೂ ಬಿಡಲಿಲ್ಲ. ಇದು ದೊಡ್ಡ ಉಪಕಾರ, ಇದರ ಋಣ ನಮ್ಮ ಮೇಲೆ ಇನ್ನೂ ಇದೆ. ಆದರೆ ಕೆಲವೆಡೆ ವ್ಯಕ್ತಿಯ ಜಾತಿ ಹೇಳಿಬಿಟ್ಟರೆ ಅವನ ನಡತೆಯ ಲೆಕ್ಕ ಚುಕ್ತಾ ಆಯಿತು ಎಂಬ ಧೋರಣೆ ಇಣುಕುತ್ತದೆ. ಗೋಪಾಲಗೌಡರ ವಿಷಯದಲ್ಲಿ ಹೀಗೆ ಮಾಡದವರು ತಮಗಾಗದವರ ವಿಷಯದಲ್ಲಿ ಮಾಡುತ್ತಾರೆ. ಸಾಹಿತಿಗಳ ಮೇಲಿನ ಟೀಕೆಯಲ್ಲೂ ಕೃತಿಯಿಂದ ಶುರುವಾದದ್ದು ಎರಡೇ ಪ್ಯಾರಾದಲ್ಲಿ ಮನುಷ್ಯನ ಮೇಲೆ ಹೋಗಿ ಕೂರುತ್ತದೆ. ಓದಲು ಮಜಾ ಬರುತ್ತದೆ, ಅದನ್ನು ಒಪ್ಪಿಕೊಳ್ಳದಿದ್ದರೆ ಆಷಾಢಭೂತಿತನವಾದೀತು. ಇನ್ನೊಬ್ಬರ ಮಾನ ಹರಾಜಾಗುವಾಗ ನಮಗೆಲ್ಲ ಹಾಗೆಯೇ ಮಜಾ ಬರುತ್ತದೆ.

ಅವರ ನಂತರ ಬಂದವರು ಎತ್ತಿಕೊಂಡದ್ದು ಈ ಮಜಾವನ್ನೇ. ತೊಂಬತ್ತರ ದಶಕದಿಂದ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಕ್ಲಿಪ್ಪಿಗೆ ನೇತಾಡಿದ ಎಷ್ಟೋ ಪತ್ರಿಕೆಗಳಲ್ಲಿ ಲಂಕೇಶರ ಗಿಡ್ಡ ವಾಕ್ಯವಿತ್ತು, ಏಕವಚನವಿತ್ತು, ಅಡ್ಡಹೆಸರಿತ್ತು. ಸೊಫೊಕ್ಲಿಸನನ್ನು ‘ದೊರೆ ಈಡಿಪಸ್’ ಆಗಿಸಿ ಕನ್ನಡದಲ್ಲಿ ಕೂರಿಸಿದ ಓದು ಇರಲಿಲ್ಲ. ಇನ್ನೊಂದು ಕಡೆ ಪುರುಸೊತ್ತಿನ ಗದ್ಯ ತನ್ನ ಪಾಡಿಗೆ ಬೆಳೆಯಿತು. ಜಯಂತ ಕಾಯ್ಕಿಣಿಯವರ ‘ಬೊಗಸೆಯಲ್ಲಿ ಮಳೆ’ ಅದರ ಒಳ್ಳೆಯ ಫಲ. ರೈಲ್ವೆ ಪ್ಲಾಟ್‌ಫಾರ್ಮು, ಆಸ್ಪತ್ರೆಯ ವರಾಂಡಾ, ಟೂರಿಂಗ್ ಟಾಕೀಸಿನ ನೆನಪು, ಇವನ್ನು ಅವರಷ್ಟು ಮೃದುವಾಗಿ ಮುಟ್ಟಿದವರು ಕಡಿಮೆ. ಆದರೆ ಅಲ್ಲಿ ಹೆಸರು ಹಿಡಿದು ರಾಜಕಾರಣ ಬರುವುದು ಅಪರೂಪ. ಹೀಗೆ ಸಿಟ್ಟಿನ ಪಾಲು ಒಬ್ಬರಿಗೆ, ಪುರುಸೊತ್ತಿನ ಪಾಲು ಇನ್ನೊಬ್ಬರಿಗೆ ಎಂದು ಆಸ್ತಿ ಹಿಸ್ಸೆಯಾಯಿತು. ಇವತ್ತಿನ ಪತ್ರಿಕೆಗಳಲ್ಲಿ ಸಿನಿಮಾದವರು ಸಿನಿಮಾ ಬಗ್ಗೆ, ರಾಜಕೀಯ ವಿಶ್ಲೇಷಕರು ಸೀಟು ಹಂಚಿಕೆಯ ಬಗ್ಗೆ, ಜೀವನಾನುಭವದವರು ಭಾನುವಾರದ ಪುರವಣಿಯಲ್ಲಿ.

ಲಂಕೇಶರ ಕೊನೆಗಾಲದ ‘ಮರೆಯುವ ಮುನ್ನ’ ಬರಹಗಳಲ್ಲಿ ಏರುದನಿ ಎಷ್ಟೋ ಇಳಿದಿದೆ. ಕಾಯಿಲೆಯಿತ್ತು, ವಯಸ್ಸಾಗುತ್ತಿತ್ತು, 2000ದ ಜನವರಿಯಲ್ಲಿ ತೀರಿಕೊಂಡರು. ಹಳೆಯ ಓದುಗರು ಕೆಲವರು ಆಗ ಮೇಷ್ಟ್ರು ತಣ್ಣಗಾದರು ಎಂದು ಬೇಸರಪಟ್ಟಿದ್ದುಂಟು. ನನಗೆ ಅದೇ ಹೆಚ್ಚು ಹಿಡಿಸುತ್ತದೆ. ತೀರ್ಪು ಕೊಡುವ ಅವಸರವಿಲ್ಲದೆ, ಸುಮ್ಮನೆ ನೋಡುತ್ತಿರುವ ಕಣ್ಣು ಅಲ್ಲಿದೆ.

ಯಾರಾದರೂ ಧೈರ್ಯ ಮಾಡಿ ಇವೆಲ್ಲವುಗಳಿಂದ ಒಂದೇ ಒಂದು ಸಂಪುಟದಷ್ಟು ಆಯ್ಕೆ ಮಾಡಬೇಕು. ಮಾಡುವವರಿಗೆ ನನ್ನ ಕೋರಿಕೆ ಇಷ್ಟು: ಗುಂಡೂರಾಯರ ಮೇಲಿನವು ಎರಡು ಮೂರು ಸಾಕು, ಅವಕ್ಕೂ ಆ ಕಾಲ ತಿಳಿಯದ ಹುಡುಗರಿಗಾಗಿ ಟಿಪ್ಪಣಿ ಇರಲಿ. ಸಾಹಿತಿಗಳ ಜಗಳವನ್ನು ಅರ್ಧಕ್ಕರ್ಧ ಬಿಡಬಹುದು. ವ್ಯಕ್ತಿಚಿತ್ರಗಳು ಎಲ್ಲವೂ ಇರಬೇಕು. ಇಸ್ಪೀಟು, ಕುದುರೆ ರೇಸು ಅವರಿಗೆ ಪ್ರಿಯವಾಗಿದ್ದವು, ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಆ ಎರಡರ ಸುದ್ದಿ ಎಲ್ಲಾದರೂ ಒಂದು ಸಾಲು ಬಂದಿದ್ದರೂ ಆ ಬರಹವನ್ನು ಕೈಬಿಡಬಾರದು.