ಹುತ್ತದಿಂದ ಬಂದ ಕುರಿ, ನೀರಿನಿಂದ ಬಂದ ದನ

ಉಟ್ಕೂರು, ಮಕ್ತಲ್, ಗದ್ವಾಲ ಸೀಮೆಯ ಜನರ ಬಗೆಗಿನ ಚರ್ಚೆಗಳಲ್ಲಿ ‘ಇವರು ಮೂಲತಃ ಕನ್ನಡಿಗರು’ ಎಂಬ ವಾದವೂ ‘ಮೂಲತಃ ತೆಲುಗರು’ ಎಂಬ ಪ್ರತಿವಾದವೂ ಸಾಮಾನ್ಯ. ಮೇಲ್ನೋಟಕ್ಕೆ ಪರಸ್ಪರ ವಿರೋಧಿಗಳಾದ ಈ ಎರಡು ವಾದಗಳಿಗೂ ‘ಮೂಲತಃ’ ಎಂಬ ಪದದ ವಿಷಯದಲ್ಲಿ ಮಾತ್ರ ಯಾವ ಜಗಳವೂ ಇಲ್ಲ. ಒಂದು ಸಮುದಾಯಕ್ಕೆ ಒಂದು ಹೆಸರು, ಒಂದು ಭಾಷೆ, ಒಂದು ಹುಟ್ಟುನೆಲ ಇರಲೇಬೇಕೆಂಬ ನಂಬಿಕೆ ಎರಡಕ್ಕೂ ಸಮಾನವಾದುದು. ಸಮುದಾಯಗಳ ಸ್ವಂತ ಮೂಲಕಥೆಗಳು ಈ ನಂಬಿಕೆಯನ್ನು ಒಪ್ಪುತ್ತವೆಯೇ ಎಂಬುದನ್ನು ಈ ಗಡಿಯ ಎರಡೂ ಬದಿಗೆ ಹಬ್ಬಿರುವ ಕುರುಬ–ಕುರುಮರ ಕಥನದಲ್ಲಿ ಪರೀಕ್ಷಿಸಬಹುದು.

ವಸಾಹತು ಕಾಲದ ಜಾತಿಕೋಶಗಳಲ್ಲಿ ಈ ನಂಬಿಕೆಗೆ ಒಂದು ಸಾಹಿತ್ಯಕ ರೂಪ ದೊರೆಯಿತು. ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಏಳು ಸಂಪುಟಗಳು 1909ರಲ್ಲಿ, ನಿಜಾಮರ ಸೀಮೆಯ ಕುರಿತು ಸೈಯದ್ ಸಿರಾಜ್ ಉಲ್ ಹಸನ್ನರ ಗ್ರಂಥ 1920ರಲ್ಲಿ ಹೊರಬಂದವು. ಇವು ಆಕರಗಳಾಗಿ ಹೇರಳವಾಗಿ ಬಳಕೆಯಾಗಿವೆ. ಪ್ರಕಾರವಾಗಿ ಇವುಗಳನ್ನು ಓದಿದವರು ಕಡಿಮೆ. ಅಕಾರಾದಿಯಲ್ಲಿ ಜೋಡಿಸಿದ ನಮೂದುಗಳಲ್ಲಿ ಊರಿನಲ್ಲಿ ಅಕ್ಕಪಕ್ಕ ಬಾಳುವ ಕುಲಗಳು ಪುಟಗಳಲ್ಲಿ ದೂರವಾಗುತ್ತವೆ. ಎಂದೂ ಮುಖ ನೋಡದವು ನೆರೆಯವಾಗುತ್ತವೆ. ಕುರುಬರು ಪ್ರಾಚೀನ ಪಲ್ಲವರ ಅವಶೇಷವೆಂಬ ಜನಗಣತಿ ಅಧಿಕಾರಿಗಳ ಊಹೆಯನ್ನು ಥರ್ಸ್ಟನ್ ಇತಿಹಾಸದ ಸ್ಥಾನದಲ್ಲಿಡುತ್ತಾನೆ. ಕುರುಬರೇ ಹೇಳಿಕೊಳ್ಳುವ ಕಥೆಗೆ ಕುತೂಹಲದ ಸ್ಥಾನವಷ್ಟೇ ಸಿಗುತ್ತದೆ.

ಇದು ಭಾರತಕ್ಕೆ ಮಾತ್ರ ಸೀಮಿತವಾದ ಅಭ್ಯಾಸವಲ್ಲ. ಪಶ್ಚಿಮ ಆಫ್ರಿಕದ ಮೇಲ್ ಸೆನೆಗಲ್–ನೈಜರ್ ಪ್ರದೇಶದ ಬಗ್ಗೆ ಫ್ರೆಂಚ್ ಆಡಳಿತಾಧಿಕಾರಿ ಮೋರೀಸ್ ದೆಲಾಫೋಸ್ 1912ರಲ್ಲಿ ಪ್ರಕಟಿಸಿದ ಮೂರು ಸಂಪುಟಗಳಲ್ಲಿ ದನಗಾಹಿ ಫುಲಾನಿಗಳ ಪೂರ್ವಜರೂ ಪ್ರಾಚೀನ ಘಾನಾ ರಾಜ್ಯದ ಸ್ಥಾಪಕರೂ ಯೆಹೂದಿ–ಸಿರಿಯನ್ ವಲಸಿಗರಾಗುತ್ತಾರೆ. ಪಶುಪಾಲಕರಲ್ಲಿ ಘನತೆಯೇನಾದರೂ ಕಂಡರೆ ಅದು ಅಳಿದ ಅರಸೊತ್ತಿಗೆಯಿಂದಲೋ ಹೊರಗಿನಿಂದಲೋ ಬಂದಿರಬೇಕು: ಪಲ್ಲವ ಸಿದ್ಧಾಂತ, ಸಿರಿಯನ್ ಸಿದ್ಧಾಂತ ಎರಡರ ತರ್ಕವೂ ಇಷ್ಟೇ.

ಇನ್ನು ಕಥೆಗಳತ್ತ ಬಂದರೆ ನೋಟವೇ ಬೇರೆ. ಹಾಲುಮತದ ಮೂಲಪುರುಷ ಉಂಡಾಡ ಪದ್ಮಣ್ಣ ಅರಸನಲ್ಲ. ಹೆಸರೇ ಹೇಳುವಂತೆ ಉಂಡು ಅಲೆಯುವ ಉಂಡಾಡಿ, ಒಕ್ಕಲು ಮನೆಯ ಕಿರಿಮಗ. ಪಾಠಾಂತರಗಳು ಹಲವು, ಆದರೆ ತಿರುಳು ಒಂದೇ: ಹುತ್ತ ಒಡೆಯುತ್ತದೆ, ಒಳಗಿನಿಂದ ಕುರಿಗಳು ಹೊಳೆಯಂತೆ ಹರಿದುಬರುತ್ತವೆ, ಒಕ್ಕಲಿಗ ಕುರುಬನಾಗುತ್ತಾನೆ. ಫುಲಾನಿಗಳ ಕಥೆಯಲ್ಲಿ ದನಗಳು ನೀರಿನಿಂದ ಬರುತ್ತವೆ. ಅವುಗಳ ಒಡೆಯ ತ್ಯಾನಬ ಎಂಬ ಸರ್ಪ. ಈ ಲೋಕದ ಗಂಭೀರ ಪ್ರವೇಶ 1961ರಲ್ಲಿ ಅಮದು ಹಂಪಾತೆ ಬಾ ಮತ್ತು ಜರ್ಮೇನ್ ದಿಯೆತರ್ಲಾ ಪ್ರಕಟಿಸಿದ ‘ಕೂಮೆನ್’ ಎಂಬ ದೀಕ್ಷಾಪಠ್ಯದಿಂದ ಸಾಧ್ಯವಾಯಿತು. ಹುತ್ತ ಮತ್ತು ಸರ್ಪದ ಸಾಮ್ಯವನ್ನು ಹಿಡಿದು ಎರಡು ಖಂಡಗಳ ನಡುವೆ ಪ್ರಾಚೀನ ಸಂಪರ್ಕ ಕಲ್ಪಿಸುವ ಆಸೆ ಹುಟ್ಟಬಹುದು. ಹಾಗೆ ಮಾಡಿದರೆ ಅದು ದೆಲಾಫೋಸನ ದಾರಿಯೇ. ಗಮನಿಸಬೇಕಾದ ಸಾಮ್ಯ ಬೇರೆಯದು. ‘ನಾವು ಎಲ್ಲಿಂದ ಬಂದೆವು’ ಎಂಬ ಪ್ರಶ್ನೆಗೆ ಎರಡೂ ಕಥೆಗಳು ಉತ್ತರಿಸುವುದೇ ಇಲ್ಲ. ‘ನಮ್ಮ ಜೀವಾಳ ನಮ್ಮ ಕೈಗೆ ಹೇಗೆ ಬಂತು, ಅದಕ್ಕಾಗಿ ನಾವು ಯಾರಿಗೆ ಋಣಿ’ ಎಂಬುದು ಅವುಗಳ ಪ್ರಶ್ನೆ. ಬೇರೆ ಸಭೆಗೆ ಬೇರೆ ಕಥೆಯೂ ಇದೆ. ಇಸ್ಲಾಮೀ ವಿದ್ವತ್ತಿನ ನಡುವೆ ಫುಲಾನಿ ವಂಶಾವಳಿ ಏಳನೆಯ ಶತಮಾನದ ಅರಬ್ ಸೇನಾನಿ ಉಕ್ಬಾನವರೆಗೆ ಹೋಗುತ್ತದೆ. ಕುರುಬ ಸಮಾವೇಶಗಳ ವೇದಿಕೆಯಲ್ಲಿ ಹುತ್ತಕ್ಕಿಂತ ಹಕ್ಕ–ಬುಕ್ಕರ ಹೆಸರು ಮುಂದೆ ಬರುತ್ತದೆ. ಯಾವುದನ್ನೂ ಸುಳ್ಳೆಂದು ತಳ್ಳಬೇಕಾಗಿಲ್ಲ. ಯಾವ ಸಭೆಗೆ ಯಾವ ಕಥೆ ಎಂಬುದೇ ವಿಮರ್ಶೆಯ ವಿಷಯ.

ಕುರುಬರ ಒಳಗಿನ ಹತ್ತಿಕಂಕಣ, ಉಣ್ಣೆಕಂಕಣ ಎಂಬ ವಿಭಾಗವೂ ಇಲ್ಲಿ ಮುಖ್ಯ. ಮದುವೆಯಲ್ಲಿ ಕೈಗೆ ಕಟ್ಟುವ ದಾರವನ್ನು ಹಿಡಿದು ಕುಲ ಕವಲಾಗುತ್ತದೆ; ನೆಲವಾಗಲಿ ನುಡಿಯಾಗಲಿ ಈ ವಿಭಜನೆಯಲ್ಲಿ ಮಾತಾಡುವುದಿಲ್ಲ. ಕನ್ನಡದ ಡೊಳ್ಳಿನ ಹಾಡಿನ ಬೀರಪ್ಪ ತೆಲುಗಿನ ಒಗ್ಗು ಕಥೆಯಲ್ಲೂ ಬೀರಪ್ಪನೇ, ಮರಾಠಿ ಧನಗರರಲ್ಲಿ ಬಿರೋಬಾ. ಮೈಲಾರ ಮಲ್ಲನ್ನನಾಗಿ ಖಂಡೋಬನಾಗಿ ನಡೆಯುತ್ತಾನೆ. ಗುಂಥರ್ ಸೊಂಥೈಮರ್ 1976ರಷ್ಟು ಹಿಂದೆಯೇ ಜರ್ಮನ್ ಭಾಷೆಯಲ್ಲಿ ಈ ದೈವಗಳನ್ನು ಒಟ್ಟಾಗಿ ಅಭ್ಯಸಿಸಿದ್ದರೂ ಮೂರೂ ಭಾಷೆಗಳ ಜಾನಪದ ಸಂಗ್ರಹಗಳು ಇಂದಿಗೂ ಹೆಚ್ಚಾಗಿ ರಾಜ್ಯದ ಗಡಿಯಲ್ಲೇ ನಿಲ್ಲುತ್ತವೆ. ಸಂಕ್ರಾಂತಿಯ ಹೊತ್ತಿಗೆ ಯಾದಗಿರಿ ಬಳಿಯ ಮೈಲಾಪುರದಲ್ಲಿ ಮೈಲಾರಲಿಂಗನ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಹರಕೆಗೆ ತೆಲಂಗಾಣದವರೂ ಬರುತ್ತಾರೆ. ಹರಕೆಯನ್ನು ನಿಷೇಧಿಸಿದ ಜಿಲ್ಲಾಡಳಿತ ದಾರಿಯಲ್ಲಿ ತನಿಖಾ ಠಾಣೆ ಹಾಕಿ ಮರಿಗಳನ್ನು ವಶಪಡಿಸಿಕೊಳ್ಳುತ್ತದೆ. ನಿಷೇಧಕ್ಕೆ ಪ್ರಾಣಿದಯೆಯ ಸಕಾರಣವಿದೆ, ನಿಜ. ಹುತ್ತದಿಂದ ಬಂದದ್ದನ್ನು ದೈವಕ್ಕೆ ಮರಳಿಸುವ ಋಣದ ಭಾಷೆ ಆ ಠಾಣೆಯಲ್ಲಿ ಅರ್ಥವಾಗದಿರುವುದೂ ಅಷ್ಟೇ ನಿಜ.

1985ರಲ್ಲಿ ಝಾನ್–ಲೂ ಆಮ್ಸೆಲ್ ಮತ್ತು ಎಲಿಕಿಯಾ ಎಂಬೊಕೊಲೊ ಸಂಪಾದಿಸಿದ ಫ್ರೆಂಚ್ ಪ್ರಬಂಧ ಸಂಕಲನ ಆಫ್ರಿಕದ ‘ಜನಾಂಗ’ಗಳ ಗಟ್ಟಿ ಎಲ್ಲೆಗಳು ಬಹುಮಟ್ಟಿಗೆ ವಸಾಹತು ಆಡಳಿತದ ಸೃಷ್ಟಿ ಎಂದು ವಾದಿಸಿತು. ಆಮ್ಸೆಲ್ ಅಧ್ಯಯನ ಮಾಡಿದ ದಕ್ಷಿಣ ಮಾಲಿಯ ವಾಸುಲು ಸೀಮೆಯಲ್ಲಿ ಜಾಲೊ, ಜಾಕಿತೆ, ಸಿದಿಬೆ, ಸಂಗಾರೆ ಎಂಬ ಮನೆತನದವರು ತಾವು ಫುಲಾನಿಗಳೆನ್ನುತ್ತಾರೆ. ಆಡುವುದು ಮಾತ್ರ ಮಾಂಡೆ ವರ್ಗದ ನುಡಿ. ಭಾಷೆ ಬದಲಾದರೂ ಮನೆತನದ ಹೆಸರು ಉಳಿದ ಈ ಉದಾಹರಣೆ ಉಟ್ಕೂರು ಸೀಮೆಯನ್ನು ಬಲ್ಲವರಿಗೆ ಹೊಸದೆನಿಸದು. ಆದರೆ ಎಲ್ಲೆಗಳ ಗಟ್ಟಿತನವೆಲ್ಲ ಆಡಳಿತದ ಕೈವಾಡವೆಂಬ ವಾದವನ್ನು ಇಲ್ಲಿಗೆ ಹಾಗೆಯೇ ತರುವುದು ಅವಸರವಾದೀತು. ಉಣ್ಣೆ–ಹತ್ತಿಯ ಭೇದವನ್ನು ಯಾವ ಗಣತಿದಾರನೂ ನೇಯಲಿಲ್ಲ. ಗಣತಿ ಮಾಡಿದ್ದು, ಒಳಗಿನ ಭೇದವನ್ನು ಹೊರಗಿನ ಪಟ್ಟಿಗೆ ಉತ್ತರವಾಗಿ ಬಳಸುವಂತೆ ಜನರನ್ನು ಒತ್ತಾಯಿಸಿದ್ದು.

ಆ ಒತ್ತಾಯ ಇಂದಿಗೂ ಇದೆ. 1956ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯಿಂದ ಗದ್ವಾಲ ಬೇರ್ಪಟ್ಟಿತು. ಉಟ್ಕೂರು, ಮಕ್ತಲ್ ಇರುವಲ್ಲೇ ಇದ್ದು ಯಾದಗಿರಿ ಇನ್ನೊಂದು ರಾಜ್ಯವಾಯಿತು. ಇಂದು ಕುರುಮರು ತೆಲಂಗಾಣದಲ್ಲಿ ಹಿಂದುಳಿದ ವರ್ಗ ‘ಬಿ’, ಕುರುಬರು ಕರ್ನಾಟಕದಲ್ಲಿ ‘2ಎ’. 2021ರ ಆರಂಭದಲ್ಲಿ ಪರಿಶಿಷ್ಟ ಪಂಗಡದ ಸ್ಥಾನಕ್ಕಾಗಿ ಕಾಗಿನೆಲೆಯಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಯಿತು. ಬೀದರ್, ಕಲಬುರಗಿ, ಯಾದಗಿರಿಗಳಲ್ಲಿ ಕುರುಬರನ್ನು ಗೊಂಡರ ಪರ್ಯಾಯವೆಂದು ಪರಿಗಣಿಸಬೇಕೆಂಬ ಬೇಡಿಕೆ ಪ್ರತ್ಯೇಕವಾಗಿದೆ. 1965ರ ಲೋಕೂರ್ ಸಮಿತಿಯ ಮಾನದಂಡಗಳಲ್ಲಿ ಭೌಗೋಳಿಕ ಪ್ರತ್ಯೇಕತೆಯೂ ಹೊರಗಿನವರ ಸಂಪರ್ಕದ ಹಿಂಜರಿಕೆಯೂ ಸೇರಿವೆ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ನಿಲ್ಲಿಸಿ, ಕಂಬಳಿ ಮಾರಿ, ಮೂರು ನುಡಿಗಳಲ್ಲಿ ದೈವವನ್ನು ಹಾಡುವ ಸಮುದಾಯ ಈ ಕಲಮಿಗೆ ಹೊಂದಲು ತನ್ನ ಕಥೆಯ ಅತ್ಯಂತ ಶ್ರೀಮಂತ ಭಾಗವನ್ನೇ ಮುಚ್ಚಿಡಬೇಕಾಗುತ್ತದೆ. ಬೇಡಿಕೆಯ ನ್ಯಾಯಾನ್ಯಾಯ ಬೇರೆ ಮಾತು. ಅದಕ್ಕೆ ತೆರುವ ಕಥನದ ಬೆಲೆ ಇದು.

ಭಾಷಾ ಅಲ್ಪಸಂಖ್ಯಾತರ ಪರವಾದ ಬರವಣಿಗೆಗೆ ಇಂಥ ನಿರ್ಬಂಧವೇನೂ ಇಲ್ಲ. ಸಂವಿಧಾನದ 350ಎ ವಿಧಿ ಮಗುವಿನ ತಾಯ್ನುಡಿಯನ್ನಷ್ಟೇ ಕೇಳುತ್ತದೆ, ಅಜ್ಜನ ಮೂಲವನ್ನು ಕೇಳುವುದಿಲ್ಲ. ಹೀಗಿದ್ದೂ ಕನ್ನಡದ ಲೇಖಕರು ‘ಮೂಲತಃ’ ಎಂಬ ಸಾಕ್ಷಿಯನ್ನು ತಾವಾಗಿ ತಂದೊಪ್ಪಿಸುತ್ತಾರೆ. ಆಗ ಮನೆಯಲ್ಲಿ ತೆಲುಗಾಡುತ್ತ ಜಾತ್ರೆಯಲ್ಲಿ ಕನ್ನಡದಲ್ಲಿ ಡೊಳ್ಳಿನ ಹಾಡು ಹಾಡುವವನು ಭಾಷೆ ಕಳೆದುಕೊಂಡವನಾಗಿ ಕಾಣುತ್ತಾನೆ. ಅವನ ಬಳಿ ಇರುವುದು ಎರಡು ಭಾಷೆ.