ಪರರ ಮೈ ತೊಟ್ಟವನು: ಮಂಜುಳಾ ಪದ್ಮನಾಭನ್ ಅವರ ‘ಹಾರ್ವೆಸ್ಟ್’

ಭಾರತೀಯರು ಇಂಗ್ಲಿಷಿನಲ್ಲಿ ಬರೆಯುವ ವೈಜ್ಞಾನಿಕ ಕಲ್ಪನಾಸಾಹಿತ್ಯಕ್ಕೆ 1997 ಗಣ್ಯವಾದ ವರ್ಷ. ಅಮಿತಾವ್ ಘೋಷ್ ಅವರ ‘ದಿ ಕಲ್ಕತ್ತಾ ಕ್ರೋಮೊಸೋಮ್’ ಕಾದಂಬರಿಗೆ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ಸಂದ ವರ್ಷವೇ ಮಂಜುಳಾ ಪದ್ಮನಾಭನ್ ಅವರ ‘ಹಾರ್ವೆಸ್ಟ್’ ನಾಟಕಕ್ಕೆ ಗ್ರೀಸಿನ ಒನಾಸಿಸ್ ಪ್ರಶಸ್ತಿ ದೊರೆಯಿತು. ಮಲೇರಿಯಾ ಸಂಶೋಧನೆಯ ಇತಿಹಾಸವನ್ನು ಒಗಟಾಗಿಸುವ ಘೋಷ್ ನಮ್ಮ ಬುದ್ಧಿಯನ್ನು ಕೆಣಕುತ್ತಾರೆ. ಪದ್ಮನಾಭನ್ ಅವರು ಕೇಳುವುದು ದೇಹದ ಪ್ರಶ್ನೆಯನ್ನು. ಮನುಷ್ಯಾವತಾರವನ್ನು ಬೋಧಿಸುವ ನಮಗೆ ಅವರ ನಾಟಕವೇ ಹೆಚ್ಚು ಹತ್ತಿರದ್ದು.

ನಾಟಕ ನಡೆಯುವುದು 2010ರ ಮುಂಬಯಿಯಲ್ಲಿ; ಬರೆದಾಗ ಅದು ಭವಿಷ್ಯವಾಗಿತ್ತು. ಕೆಲಸ ಕಳೆದುಕೊಂಡ ಓಂ ಪ್ರಕಾಶ್ ತನ್ನ ಅಂಗಾಂಗಗಳನ್ನು ಇಂಟರ್‌ಪ್ಲಾಂಟಾ ಎಂಬ ಕಂಪನಿಗೆ ಬರೆದುಕೊಡುತ್ತಾನೆ. ತಾನು ಅವಿವಾಹಿತನೆಂದು ಸುಳ್ಳು ಹೇಳಿರುವ ಕಾರಣ ಹೆಂಡತಿ ಜಯಾ ತಂಗಿಯ ವೇಷ ತೊಡಬೇಕಾಗುತ್ತದೆ. ಒಂದೇ ಕೋಣೆಯ ಮನೆಗೆ ಶೌಚಾಲಯ ಬರುತ್ತದೆ, ಗುಳಿಗೆಯಂಥ ಆಹಾರ ಬರುತ್ತದೆ, ಟಿವಿ ಬರುತ್ತದೆ. ಮೇಲಿಂದ ತೂಗುವ ಯಂತ್ರದಲ್ಲಿ ಜಿನ್ನಿ ಎಂಬ ದೂರದೇಶದ ಚೆಲುವೆ ಮೂಡಿ ಎಲ್ಲರ ಯೋಗಕ್ಷೇಮ ವಿಚಾರಿಸುತ್ತಾಳೆ. ಕೊನೆಗೆ ಕಾವಲುಗಾರರು ಬಂದಾಗ ಅವರು ಹಿಡಿದೊಯ್ಯುವುದು ಓಂನನ್ನಲ್ಲ, ಅವನ ತಮ್ಮ ಜೀತುವನ್ನು. ಜೀತು ಮರಳುವಾಗ ಅವನಿಗೆ ಕಣ್ಣುಗಳಿಲ್ಲ.

ನೈತಿಕ ದೈವಶಾಸ್ತ್ರದ ತರಗತಿಗೆ ಇದೊಂದು ಸಿದ್ಧ ಉದಾಹರಣೆಯಂತೆ ತೋರಬಹುದು. 1994ರಲ್ಲಿ ನಮ್ಮ ಸಂಸತ್ತು ಅಂಗಗಳ ವ್ಯಾಪಾರವನ್ನು ನಿಷೇಧಿಸಿತು. 1995ರ ‘ಎವಾಂಜೆಲಿಯುಮ್ ವೀತೆ’ ವಿಶ್ವಪತ್ರದಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅಂಗದಾನವನ್ನು ಪ್ರಶಂಸಿಸಿದರು. ಮಾರಾಟ ಕೂಡದು, ದಾನ ಸ್ತುತ್ಯ ಎಂದು ಪಾಠ ಮುಗಿಸಬಹುದು. ಆದರೆ ಈ ನಾಟಕದಲ್ಲಿ ಮಾರಿಕೊಂಡವನ ಹೆಸರೇ ‘ದಾನಿ’. ಶಬ್ದವೇ ಕಳವಾಗಿರುವಾಗ ಆ ಪಾಠ ಸಾಲದು. ಅದಕ್ಕಿಂತ ಮುಖ್ಯವಾದುದು ಕೊನೆಯ ಅಂಕದಲ್ಲಿದೆ.

ಅಲ್ಲಿ ತಿಳಿಯುತ್ತದೆ: ಜಿನ್ನಿ ಎಂಬವಳು ಇರಲೇ ಇಲ್ಲ. ಅವಳು ಯಂತ್ರ ರಚಿಸಿದ ಬೊಂಬೆ. ಹಿಂದಿದ್ದವನು ವರ್ಜಿಲ್ ಎಂಬ ಮುದುಕ. ಆತ ಈಗ ಜೀತುವಿನ ದೇಹವನ್ನೇ ತೊಟ್ಟು ಜಯಾಳ ಮುಂದೆ ಮೂಡುತ್ತಾನೆ. ಅವನಿಗೆ ಬೇಕಾದುದು ಅವಳ ಗರ್ಭ. ಬೇಕಾದ ಉಪಕರಣಗಳನ್ನು ಕಳುಹಿಸುತ್ತಾನೆ, ತಾನು ಮಾತ್ರ ಬರಲೊಲ್ಲ.

ಅಪೊಲ್ಲಿನಾರಿಸ್‌ನ ಮತವನ್ನು ಪರೀಕ್ಷೆಗೆಂದು ಕಂಠಪಾಠ ಮಾಡಿ ಮರೆಯುವವರೇ ಹೆಚ್ಚು. ನಾವೂ ಹಾಗೆಯೇ ಮಾಡಿದೆವು. ಕ್ರಿಸ್ತರಲ್ಲಿ ಮಾನವದೇಹವಿತ್ತು, ಆದರೆ ಮಾನವಮನಸ್ಸಿನ ಸ್ಥಾನದಲ್ಲಿ ದೈವೀವಾಕ್ಯವಿತ್ತು ಎಂಬ ಆ ಬೋಧೆಯನ್ನು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಖಂಡಿಸಿತು. ದೇವರು ಯಾವುದನ್ನು ಸ್ವೀಕರಿಸಲಿಲ್ಲವೋ ಅದು ಗುಣವಾಗದೆ ಉಳಿಯುತ್ತದೆಂದು ನಜಿಯಾನ್ಸಿನ ಸಂತ ಗ್ರೆಗೊರಿ ವಾದಿಸಿದ್ದು ಇದರ ವಿರುದ್ಧವೇ. ಆ ವಾದದ ತೂಕ ವರ್ಜಿಲನನ್ನು ಕಂಡಾಗ ನಮಗೆ ಹೊಸದಾಗಿ ತಿಳಿಯಿತು. ದೇಹವಿದೆ, ಜೀತುವಿಲ್ಲ. ಆ ಮೈಯ ಹಸಿವು, ಹೆದರಿಕೆ, ನೆನಪು ಯಾವುದನ್ನೂ ಹೊರದೆ ಅದನ್ನು ಅಂಗಿಯಂತೆ ತೊಟ್ಟವನು ಅವತರಿಸಿದವನಲ್ಲ, ಒಕ್ಕಲೆಬ್ಬಿಸಿದವನು. ನಜರೇತಿನ ಕನ್ಯೆಯ ಬಳಿಗೆ ಬಂದ ದೂತನು ಉತ್ತರಕ್ಕಾಗಿ ಕಾದನು. ವರ್ಜಿಲ್ ಚೌಕಾಸಿ ಮಾಡುತ್ತಾನೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಸಲ್ಲದು.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಟಿವಿಯ ಪೆಟ್ಟಿಗೆಯೊಳಗೇ ಸೇರಿಕೊಳ್ಳುವ ತಾಯಿ ವ್ಯಂಗ್ಯಚಿತ್ರವಾಗಿಯೇ ಉಳಿಯುತ್ತಾಳೆ. ಮಗನನ್ನು ಕಳೆದುಕೊಂಡ ತಾಯಿಗೆ ಇನ್ನೊಂದು ಮಾತಾದರೂ ಇರಬೇಕಿತ್ತು.

ನಮಗೆ ನಿಜವಾಗಿ ಕಷ್ಟವಾಗುವುದು ಜಯಾ. ಬಾಗಿಲು ಒಡೆದರೆ ಪ್ರಾಣ ಕಳೆದುಕೊಳ್ಳುವೆನೆಂದು ಆಕೆ ಪಣ ತೊಡುತ್ತಾಳೆ. ಸಾವೊಂದೇ ತನ್ನ ಸ್ವಂತದ್ದೆಂಬುದು ಆಕೆಯ ನಿಲುವು. ಜೀವ ದೇವರದೆಂದು ಬೋಧಿಸುವ ಧರ್ಮಸಭೆ ಇದನ್ನು ಒಪ್ಪಲಾರದು, ನಾವೂ ಒಪ್ಪುವುದಿಲ್ಲ. ಆದರೆ ತರಗತಿಯಲ್ಲಿ ಒಬ್ಬ ಸಹೋದರನು, ಆ ಬಾಗಿಲ ಹೊರಗೆ ನಿಂತ ಧರ್ಮಕೇಂದ್ರದ ಗುರು ಏನು ಹೇಳಬೇಕೆಂದು ಕೇಳಿದಾಗ, ಬೋಧನೆಯ ವಾಕ್ಯವನ್ನು ಉಚ್ಚರಿಸಲು ನಮ್ಮ ನಾಲಗೆ ಏಳಲಿಲ್ಲ. 2020ರ ದಿಗ್ಬಂಧನದಲ್ಲಿ ನಾವೂ ಪರದೆಯ ಮೇಲಿನ ಮುಖಗಳಾಗಿದ್ದೆವು. ಆಗ ಅದು ಅನಿವಾರ್ಯ; ಅನಂತರವೂ ರೋಗಿಯ ಮನೆಗೆ ಹೋಗುವ ಬದಲು ವಿಡಿಯೋ ಕರೆ ಮಾಡಿದ್ದು ಮಾತ್ರ ನಮ್ಮ ಅನುಕೂಲಕ್ಕೆ. ಜಯಾ ವರ್ಜಿಲನಿಂದ ಕೇಳುವುದು ಹೆಚ್ಚೇನೂ ಅಲ್ಲ: ಅವನು ತನ್ನದೇ ಮೈಯಲ್ಲಿ ಬರಬೇಕು, ಅವಳ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯಬೇಕು.