ದನಿ ಇರುವುದು ಬೆರಳಿನಲ್ಲಿ

ಗಿಟಾರ್ ಕಲಿಯುವ ಹುಡುಗರಿಂದ ನಾನು ಪದೇ ಪದೇ ಕೇಳುವ ದೂರು ಒಂದಿದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಸಂತಾನಾ ಎರಡು ಸ್ವರ ನುಡಿಸಿದರೆ ಸಾಕು, ಯಾರೆಂದು ಗೊತ್ತಾಗುತ್ತದೆ. ಡೇವಿಡ್ ಗಿಲ್ಮರ್ ಒಂದು ತಂತಿ ಎಳೆದರೆ ಸಾಕು. ಅಕೌಸ್ಟಿಕ್ ಗಿಟಾರ್ ಮಾತ್ರ ಯಾರು ನುಡಿಸಿದರೂ ಒಂದೇ ತರಹ ಕೇಳುತ್ತದೆ ಎನ್ನುವುದು ಅವರ ವಾದ.

ಈ ವಾದ ಹುಟ್ಟುವುದಕ್ಕೆ ಕಾರಣ ನಮ್ಮ ಗರುಡಾಚಾರ್‌ಪಾಳ್ಯದ ಆಸುಪಾಸಿನಲ್ಲೇ ಸಿಗುತ್ತದೆ. ಹೂಡಿಯಿಂದ ಮಹದೇವಪುರದವರೆಗೆ ಯಾವ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಸಂಜೆ ಗಿಟಾರ್ ಕೇಳಿಬಂದರೂ ಬಹುಪಾಲು ಅದೇ ಜಿ, ಡಿ, ಇ ಮೈನರ್, ಸಿ. ಅದೇ ಕೆಳಗೆ-ಕೆಳಗೆ-ಮೇಲೆ-ಮೇಲೆ-ಕೆಳಗೆ-ಮೇಲೆ ಸ್ಟ್ರಮ್ಮಿಂಗ್. ಶ್ರುತಿ ಬದಲಾಗಬೇಕೆಂದರೆ ಕ್ಯಾಪೋ ಒಂದು ಮನೆ ಮೇಲೆ ಹೋಗುತ್ತದೆ, ಅಷ್ಟೆ. ವಾರಾಂತ್ಯದ ಮಾಲ್ ವೇದಿಕೆಗಳಲ್ಲಿ ಸ್ಥಿತಿ ಇನ್ನೂ ಕಷ್ಟ. ಬ್ರಿಡ್ಜಿನ ಕೆಳಗೆ ಕೂರಿಸಿದ ಪಿಕಪ್‌ನಿಂದ ನೇರ ಸ್ಪೀಕರಿಗೆ ತಂತಿ ಎಳೆದರೆ ಮರದ ಉಸಿರೆಲ್ಲ ಹೋಗಿ, ಪ್ಲಾಸ್ಟಿಕ್ ಬಡಿದಂಥ ಚಟಪಟ ಸದ್ದೊಂದೇ ಉಳಿಯುತ್ತದೆ. ಇದನ್ನೇ ಕೇಳಿ ಬೆಳೆದವರು ಅಕೌಸ್ಟಿಕ್‌ಗೆ ಸ್ವಂತ ದನಿಯಿಲ್ಲ ಎಂದುಕೊಂಡರೆ ತಪ್ಪು ಅವರದಲ್ಲ. ಆದರೆ ಅವರ ತೀರ್ಮಾನ ತಪ್ಪು.

ಎಲೆಕ್ಟ್ರಿಕ್ ಗಿಟಾರಿನ ಅನುಕೂಲವನ್ನು ಮೊದಲು ಒಪ್ಪಿಕೊಳ್ಳೋಣ. ಅದರ ಗಟ್ಟಿ ಮರದ ಒಡಲು ತಂತಿಯ ಕಂಪನವನ್ನು ಬೇಗ ನುಂಗುವುದಿಲ್ಲ. ಪಿಕಪ್, ಪೆಡಲ್, ಆಂಪ್ ಸೇರಿ ಸ್ವರವನ್ನು ಬೇಕಾದಷ್ಟು ಹೊತ್ತು ನಿಲ್ಲಿಸುತ್ತವೆ, ದಪ್ಪ ಮಾಡುತ್ತವೆ, ಒರಟು ಮಾಡುತ್ತವೆ. ತಂತಿಯೂ ತೆಳು, ಹಾಗಾಗಿ ಬೆರಳಿನಿಂದ ಸಲೀಸಾಗಿ ಎಳೆಯಬಹುದು. ಅಕೌಸ್ಟಿಕ್‌ನಲ್ಲಿ ಆರು ಉಕ್ಕಿನ ತಂತಿಗಳು ಸೇರಿ ಸುಮಾರು 70 ಕಿಲೋ ಬಿಗಿತದಲ್ಲಿ ನಿಂತಿರುತ್ತವೆ. ಮೀಟಿದ ಶಕ್ತಿಯೆಲ್ಲ ಮೂರು ಮಿಲಿಮೀಟರಿಗೂ ತೆಳುವಾದ ಮೇಲ್ಹಲಗೆಗೆ ಇಳಿದು, ಕೆಲವೇ ಕ್ಷಣಗಳಲ್ಲಿ ಗಾಳಿಗೆ ಸೇರಿಹೋಗುತ್ತದೆ.

ನಮ್ಮ ಸಂಗೀತ ಬಲ್ಲವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ವೀಣೆಯ ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಎಳೆದು ಎರಡು ಮೂರು ಸ್ವರ ಹೊರಡಿಸಬಹುದು. ಗಮಕಕ್ಕೆ ಅದು ಬೇಕೇ ಬೇಕು. ಕರ್ನಾಟಕ ಸಂಗೀತವನ್ನು ಗಿಟಾರಿಗೆ ತಂದ ಸುಕುಮಾರ್ ಪ್ರಸಾದ್, ಆಮೇಲೆ ಬಂದ ಪ್ರಸನ್ನ, ಮ್ಯಾಂಡೊಲಿನ್ ಹಿಡಿದ ಯು. ಶ್ರೀನಿವಾಸ್ ಮೂವರೂ ವಿದ್ಯುತ್ ವಾದ್ಯದ ಕಡೆ ಹೋದದ್ದು ಸುಮ್ಮನೆ ಅಲ್ಲ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ನನ್ನ ಮಾತು ಇದು: ನುಡಿಸುವವನ ಗುರುತು ಯಂತ್ರದಲ್ಲಿಲ್ಲ, ಬೆರಳಿನಲ್ಲಿದೆ. ಅದು ಅತ್ಯಂತ ಬತ್ತಲೆಯಾಗಿ ಕೇಳುವುದು ಅಕೌಸ್ಟಿಕ್‌ನಲ್ಲೇ.

ನಂಬಿಕೆ ಬಾರದಿದ್ದರೆ ‘ಫ್ರೈಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೊ’ ಕೇಳಿ. 1980ರ ಡಿಸೆಂಬರ್ 5ರಂದು ವಾರ್‌ಫೀಲ್ಡ್ ಥಿಯೇಟರಿನಲ್ಲಿ ಪಾಕೊ ಡಿ ಲುಸಿಯಾ, ಅಲ್ ಡಿ ಮಿಯೋಲಾ, ಜಾನ್ ಮೆಕ್‌ಲಾಫ್ಲಿನ್ ಮೂರು ಅಕೌಸ್ಟಿಕ್ ಗಿಟಾರ್ ಹಿಡಿದು ಕೂತ ಕಛೇರಿ ಅದು. ತಬಲಾ ಇಲ್ಲ, ಡ್ರಮ್ಸ್ ಇಲ್ಲ, ಹಾಡುವವರೂ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಮೊದಲ ಹಾಡನ್ನು ಕೇಳಿ. ಎಡಗಿವಿಯಲ್ಲಿ ಪಾಕೊ. ಪಿಕ್ ಇಲ್ಲ, ತೋರುಬೆರಳು ಮತ್ತು ನಡುಬೆರಳು ಸರದಿಯಂತೆ ತಂತಿಯ ಮೇಲೆ ಓಡುತ್ತವೆ. ಪ್ರತಿ ಸ್ವರಕ್ಕೂ ಉಗುರಿನ ಚುರುಕಿದೆ, ಹಿಂದೆಯೇ ಮಾಂಸದ ಮೆದುತನವಿದೆ. ಬಲಗಿವಿಯಲ್ಲಿ ಡಿ ಮಿಯೋಲಾ. ಉಕ್ಕಿನ ತಂತಿ, ಕೈಯಲ್ಲಿ ಪಿಕ್. ಅಂಗೈಯ ಬುಡವನ್ನು ಬ್ರಿಡ್ಜಿನ ಬಳಿ ಒತ್ತಿಟ್ಟು ಸ್ವರದ ಬಾಲ ಕತ್ತರಿಸುತ್ತಾ ಹೋಗುವುದರಿಂದ ಆ ವೇಗದಲ್ಲೂ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಎರಡು ನಿಮಿಷ ಕೇಳಿದ ಮೇಲೆ ಎಡ ಬಲ ಅದಲುಬದಲು ಮಾಡಿದರೂ ಯಾರು ಯಾರೆಂದು ನೀವೇ ಹೇಳುತ್ತೀರಿ. ಪೆಡಲ್ ಒಂದೂ ಇಲ್ಲದೆ ಸಿಕ್ಕ ಗುರುತು ಅದು.

ಇನ್ನೊಂದು ಸಾಕ್ಷಿ 2005ರಲ್ಲಿ ನಮ್ಮ ಅರಮನೆ ಮೈದಾನಕ್ಕೇ ಬಂದಿತ್ತು. ಆಗ ಅಲ್ಲಿ ನುಡಿಸಿದ ಮಾರ್ಕ್ ನಾಫ್ಲರ್ ಪಿಕ್ ಹಿಡಿಯುವವರಲ್ಲ. ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ ತಂತಿಯನ್ನು ಚಿವುಟಿ ಬಿಡುತ್ತಾರೆ. ಸ್ಟ್ರಾಟೊಕಾಸ್ಟರಿನಲ್ಲಿ ಕೇಳುವ ಆ ಚಿವುಟು, ವಿದ್ಯುತ್ತಿನ ಹಂಗಿಲ್ಲದೆ ಮೊಳಗುವ ಲೋಹದೊಡಲಿನ ನ್ಯಾಷನಲ್ ಗಿಟಾರಿನಲ್ಲೂ ಅಷ್ಟೇ ಸ್ಪಷ್ಟ. ಅವರ ತಂಡದ ‘ಬ್ರದರ್ಸ್ ಇನ್ ಆರ್ಮ್ಸ್’ ಆಲ್ಬಮಿನ ಮುಖಪುಟದಲ್ಲಿರುವುದು ಅದೇ ಗಿಟಾರ್. ವಾದ್ಯ ಬದಲಾದರೂ ಮನುಷ್ಯ ಬದಲಾಗಲಿಲ್ಲ.

ಇಲ್ಲಿ ಕನ್ನಡಿಗರಿಗೆ ಹತ್ತಿರದ ಒಂದು ಸಂಗತಿಯಿದೆ. ಗಿಟಾರಿನ ಬೆನ್ನು ಮತ್ತು ಪಕ್ಕೆಗೆ ಜಗತ್ತು ಹುಡುಕಿಕೊಂಡು ಬರುವುದು ನಮ್ಮ ಪಶ್ಚಿಮ ಘಟ್ಟದ ಬೀಟೆ ಮರವನ್ನು. ಬ್ರೆಜಿಲ್ಲಿನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬೀಟೆಗೆ ಬದಲಾಯಿತು, ಉಳಿದವರೂ ಹಿಂಬಾಲಿಸಿದರು. 2017ರಲ್ಲಿ ಬೀಟೆಯೂ ಸೇರಿ ಇಡೀ ರೋಸ್‌ವುಡ್ ಕುಲದ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧ ಬಂದಾಗ ಗಿಟಾರ್ ಲೋಕವೆಲ್ಲ ತಲ್ಲಣಿಸಿತು. ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಯಲ್ಲಿ. ಬೀಟೆಯ ಗಿಟಾರ್ ಎಂದರೆ ಅಂಗಡಿಯವರು ದನಿ ತಗ್ಗಿಸಿ ಬೆಲೆ ಏರಿಸುತ್ತಾರೆ.

ಬೀಟೆಯ ಬಗ್ಗೆ ನನಗೆ ಅಭಿಮಾನವಿದೆ, ಆದರೂ ಸತ್ಯ ಹೇಳಬೇಕು. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಪ್ರಕಟಿಸಿದರು. ಎಲ್ಲ ರೀತಿಯಲ್ಲೂ ಒಂದೇ ಆಗಿದ್ದು, ಬೆನ್ನು-ಪಕ್ಕೆಯ ಮರ ಮಾತ್ರ ಬೇರೆ ಬೇರೆಯಾಗಿದ್ದ ಆರು ಗಿಟಾರ್‌ಗಳನ್ನು 52 ವಾದಕರ ಕೈಗೆ ಕೊಟ್ಟರು. ಯಾವ ಮರವೆಂದು ಕಾಣದ ಹಾಗೆ ಕಣ್ಣಿಗೆ ಕಪ್ಪು ಕನ್ನಡಕ, ಕೋಣೆಯಲ್ಲಿ ಮಬ್ಬು ಬೆಳಕು. ದುಬಾರಿ ಬ್ರೆಜಿಲ್ ಮರವೂ, ನಮ್ಮ ಬೀಟೆಯೂ, ಅಗ್ಗದ ಸಪೇಲೆಯೂ ಹೆಚ್ಚುಕಡಿಮೆ ಒಂದೇ ಅಂಕ ಪಡೆದವು. ಸ್ಪೇನಿನ ಆಂಟೋನಿಯೊ ಡಿ ಟೊರೆಸ್ 1862ರಲ್ಲೇ ಬೆನ್ನು-ಪಕ್ಕೆಯನ್ನು ಕಾಗದದ ರಟ್ಟಿನಲ್ಲಿ ಮಾಡಿ, ದನಿ ಹುಟ್ಟುವುದು ಮೇಲ್ಹಲಗೆಯಿಂದ ಎಂದು ತೋರಿಸಿದ್ದರು. ಒಳ್ಳೆಯ ಮರ ಒಳ್ಳೆಯದೇ. ಅದು ನಿಮ್ಮನ್ನು ಬೇರೆಯವರಿಂದ ಬೇರೆ ಮಾಡುತ್ತದೆಂದು ಸಾಲ ಮಾಡಿ ಕೊಳ್ಳಬೇಡಿ.

ಹಾಗಾದರೆ ಗಮಕದ ಕೊರತೆ? ಅದಕ್ಕೂ ಅಕೌಸ್ಟಿಕ್ ಉತ್ತರ ಹುಡುಕಿಕೊಂಡಿದೆ. ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಕಿವಿ ಗಡಚಿಕ್ಕುವ ಎಲೆಕ್ಟ್ರಿಕ್ ನುಡಿಸುತ್ತಿದ್ದ ಮೆಕ್‌ಲಾಫ್ಲಿನ್, ‘ಶಕ್ತಿ’ ತಂಡ ಕಟ್ಟಿದ ಮೇಲೆ ಅಕೌಸ್ಟಿಕ್‌ಗೆ ಬಂದರು. ಎಳೆಯಲು ಅನುವಾಗಲೆಂದು ಫ್ರೆಟ್‌ಗಳ ನಡುವಿನ ಮರವನ್ನು ತೋಡಿಸಿದರು. ಅನುರಣನಕ್ಕೆ ಏಳು ತಂತಿಗಳನ್ನು ಅಡ್ಡಲಾಗಿ ಕಟ್ಟಿಸಿದರು. ಅದನ್ನು ಹಿಡಿದು ಜಾಕಿರ್ ಹುಸೇನ್, ಎಲ್. ಶಂಕರ್, ವಿಕ್ಕು ವಿನಾಯಕರಾಂ ಪಕ್ಕದಲ್ಲಿ ಕೂತರು. ಮೆಕ್‌ಲಾಫ್ಲಿನ್ ಅವರ ಎಲೆಕ್ಟ್ರಿಕ್ ದನಿಯಷ್ಟೇ ಆ ದನಿಯೂ ಅವರದೇ. ವಿಶ್ವಮೋಹನ ಭಟ್ಟರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಉಕ್ಕಿನ ಸರಳು ಜಾರಿಸಿ ಮೀಂಡಿನ ದಾರಿ ಹಿಡಿದರು. 1994ರಲ್ಲಿ ರೈ ಕೂಡರ್ ಜೊತೆ ಗ್ರ್ಯಾಮಿ ಬಂತು. ಆ ಸ್ಲೈಡ್ ದಾರಿಯಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರೂ ಇದ್ದಾರೆ. ‘ಸಂಸ್ಕಾರ’ ಚಿತ್ರದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಮತ್ತು ನಟಿ ಸ್ನೇಹಲತಾ ರೆಡ್ಡಿ ಅವರ ಮಗ ಕೋನಾರ್ಕ್ ರೆಡ್ಡಿ ಇದೇ ಊರಿನಲ್ಲಿ ದಶಕಗಳಿಂದ ಗಿಟಾರಿನಲ್ಲಿ ತಮ್ಮದೇ ನಡೆ ಹುಡುಕುತ್ತಾ ಬಂದವರು.

ಬರೀ ಸ್ಟ್ರಮ್ಮಿಂಗಿನಲ್ಲಿ ಏನೂ ಇಲ್ಲ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ರಘು ದೀಕ್ಷಿತ್ 2008ರಲ್ಲಿ ‘ಅಂತರಾಗ್ನಿ’ ಆಲ್ಬಮ್ ತಂದಾಗ ಅಕೌಸ್ಟಿಕ್ ಗಿಟಾರ್ ಶಿಶುನಾಳ ಷರೀಫರ ಪದಕ್ಕೆ ಹೆಗಲು ಕೊಟ್ಟಿತು. ಪದದ ನಡಿಗೆ ಹೇಗಿದೆಯೋ ಬಲಗೈ ಹಾಗೆ ನಡೆಯಿತು. ಎಲ್ಲಿಂದಲೋ ಕಲಿತ ತಾಳಕ್ಕೆ ಕನ್ನಡವನ್ನು ತುರುಕಲಿಲ್ಲ.

2023ರ ಮಾರ್ಚ್‌ನಿಂದ ಗರುಡಾಚಾರ್‌ಪಾಳ್ಯದಲ್ಲಿ ಮೆಟ್ರೊ ನಿಲ್ಲುತ್ತಿದೆ, ಕೇಳುವವರು ಬಂದುಹೋಗುವುದು ಸುಲಭ. ವೈಟ್‌ಫೀಲ್ಡಿನ ಜಾಗೃತಿ ರಂಗಮಂದಿರದಂಥ ಚಿಕ್ಕ ಸಭಾಂಗಣಗಳು ನಮ್ಮ ಭಾಗದಲ್ಲೇ ಇವೆ. ಅಂಥ ಕಡೆ ಕಾರ್ಯಕ್ರಮ ಮಾಡುವವರಲ್ಲಿ ನನ್ನ ವಿನಂತಿ ಒಂದೇ: ಪಿಕಪ್ ತಂತಿ ಕಳಚಿ, ಗಿಟಾರಿನ ಮುಂದೆ ಒಂದು ಒಳ್ಳೆಯ ಮೈಕ್ ಇಡಿ, ಸ್ಪೀಕರ್ ತಗ್ಗಿಸಿ. ಕೇಳುವವರು ತಾವಾಗಿಯೇ ಸುಮ್ಮನಾಗುತ್ತಾರೆ.

ಕಲಿಯುವ ಹುಡುಗರಿಗೂ ಈ ವಾರ ಒಂದು ಕೆಲಸ. ಕ್ಯಾಪೋ ಪಕ್ಕಕ್ಕಿಡಿ. ನಿಮಗೆ ಗೊತ್ತಿರುವ ಒಂದು ಭಾವಗೀತೆಯ ಪಲ್ಲವಿಯನ್ನು ಒಂದೇ ತಂತಿಯ ಮೇಲೆ ನುಡಿಸಿ. ಮೊದಲು ಉಗುರಿನಲ್ಲಿ, ಆಮೇಲೆ ಬೆರಳ ತುದಿಯ ಮಾಂಸದಲ್ಲಿ, ಕೊನೆಗೆ ಪಿಕ್‌ನಲ್ಲಿ. ಬ್ರಿಡ್ಜಿನ ಹತ್ತಿರ ಒಮ್ಮೆ, ಕುತ್ತಿಗೆಯ ಹತ್ತಿರ ಒಮ್ಮೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಅವುಗಳಲ್ಲಿ ಯಾವುದು ನಿಮ್ಮ ಮನಸ್ಸಿಗೆ ಹಿಡಿಸುತ್ತದೋ ಅದನ್ನು ಒಂದು ವರ್ಷ ಬಿಡಬೇಡಿ. ಪೆಡಲ್ ಆಮೇಲೆ ಕೊಳ್ಳಬಹುದು.